ಅರ್ಧ ಲೋಟ

ಸುಣ್ಣದ ದುಂಡಮ್ಮನಿಗೆ ಜ್ವರ ಇಸಿದುಕೊಳ್ಳುವವರು ಯಾರೂ ಇರಲಿಲ್ಲ. ಗಂಡ ಸತ್ತಿದ್ದ, ಮಕ್ಕಳಾಗಿರಲಿಲ್ಲ, ಅಕ್ಕತಂಗಿಯರು ಇದ್ದರೋ ಇಲ್ಲವೋ ನಮಗೆ ಗೊತ್ತಿರಲಿಲ್ಲ. ಹಾಗಾಗಿ ಜ್ವರ ಬಂದಾಗ ಅವಳು ಒಬ್ಬಳೇ ಮಲಗುತ್ತಿದ್ದಳು, ಒಬ್ಬಳೇ ನರಳುತ್ತಿದ್ದಳು, ಬಿಟ್ಟ ಮೇಲೆ ಎದ್ದು ಮುಖ ತೊಳೆದು, ಎಲೆಅಡಿಕೆಯವರಿಗೆ ಮಾರುವ ಸುಣ್ಣದ ಬುಟ್ಟಿ ಹೊತ್ತು ಹೊರಡುತ್ತಿದ್ದಳು. ಊರಿಗೆ ಅದೊಂದು ನಾಚಿಕೆಯ ಸಂಗತಿ. ಅವಳು ಮಲಗಿದ್ದಾಗ ಅವಳ ಮನೆಯ ಮುಂದೆ ಹಾದುಹೋಗುವ ಹೆಂಗಸರು ದನಿ ತಗ್ಗಿಸುತ್ತಿದ್ದರು. ಹೇಳಿದ ಮಾತು ಕೇಳದ ಮಕ್ಕಳನ್ನು "ದುಂಡಮ್ಮನಂಗೆ ನಿನ್ ಜ್ವರ ನೀನೇ ಉಣ್ತೀಯ ನೋಡು" ಎಂದು ಬೈಯುತ್ತಿದ್ದರು.

ಬೇರೆ ಯಾರೂ ತಮ್ಮ ಜ್ವರವನ್ನು ತಾವೇ ಉಣ್ಣುತ್ತಿರಲಿಲ್ಲ. ಮಗುವಿನ ಮೈ ಬಿಸಿಯಾದರೆ ತಾಯಿ ಗಂಜಿ ಕಾಯಿಸುತ್ತಿದ್ದಳು. ಮಗು ಅರ್ಧ ಲೋಟ ಕುಡಿಯಬೇಕು. ಉಳಿದರ್ಧವನ್ನು ತಾಯಿ ಅದೇ ಲೋಟದಲ್ಲಿ ಕುಡಿದು, ಲೋಟವನ್ನು ನೆಲದ ಮೇಲೆ ಬೋರಲು ಹಾಕಬೇಕು. ಅಷ್ಟೇ. ಮಗು ಬೆವೆತು ಎದ್ದು ಕುಳಿತು ಉಪ್ಪಿನಕಾಯಿ ಕೇಳುತ್ತಿತ್ತು. ತಾಯಿ ಅದೇ ಚಾಪೆಯ ಮೇಲೆ ಉರುಳುತ್ತಿದ್ದಳು. ಮಕ್ಕಳದ್ದನ್ನು ತಾಯಂದಿರು, ಅತ್ತೆಯದ್ದನ್ನು ಸೊಸೆಯಂದಿರು, ಗಂಡನದ್ದನ್ನು ಹೆಂಡತಿಯರು ಇಸಿದುಕೊಳ್ಳುತ್ತಿದ್ದರು. ಗಂಡಸು ಇಸಿದುಕೊಂಡದ್ದನ್ನು ನಾನು ನೋಡಿರುವುದು ಎರಡೇ ಸಲ. ಮೊದಲನೆಯದು, ಪಂಚಾಯ್ತಿ ಚುನಾವಣೆಗೆ ನಿಂತವನೊಬ್ಬ ಓಟಿನ ಆಸೆಗೆ ಒಬ್ಬ ಮುದುಕನ ನೆಗಡಿ ಇಸಿದುಕೊಂಡಿದ್ದ. ಸೋತ ಮೇಲೆ ಅದನ್ನು ಹೆಂಡತಿಗೆ ಕೊಟ್ಟ. ಹೆಣ್ಣು ನೋಡಲು ಬಂದವರು "ಹುಡುಗಿ ಇಸ್ಕೊಳ್ತಾಳಾ?" ಎಂದು ಕೇಳಿಯೇ ತಾಂಬೂಲ ಮುಟ್ಟುತ್ತಿದ್ದರು.

ಹೆಣ್ಣುಮಗು ಮೊದಲ ಸಲ ಇಸಿದುಕೊಂಡಾಗ ಮನೆಯವರು ಹಸಿರು ಬಳೆ ತೊಡಿಸುತ್ತಿದ್ದರು. ನನಗೂ ತೊಡಿಸಿದ್ದರು. ಅವ್ವನ ನೆಗಡಿ ಇಸಿದುಕೊಂಡಾಗ ನಾನು ಎರಡನೇ ಕ್ಲಾಸು. ಆ ಪುಟ್ಟ ಬಳೆಗಳು ಬಹಳ ಕಾಲ ನನ್ನ ತಗಡಿನ ಪೆಟ್ಟಿಗೆಯಲ್ಲಿದ್ದವು.

ನಮ್ಮವ್ವ ಚಿಕ್ಕತಾಯಮ್ಮ ಇಸಿದುಕೊಳ್ಳುವುದರಲ್ಲಿ ಹೆಸರಾದವಳು. ದಡಾರವಾಗಲಿ, ಕೆಂಗಣ್ಣಾಗಲಿ, ವಾಂತಿಭೇದಿಯಾಗಲಿ, ಒಂದೇ ಗುಟುಕಿಗೆ ಪೂರ್ತಿ ಎಳೆದುಕೊಳ್ಳುತ್ತಿದ್ದಳು. ಪಕ್ಕದ ಕೇರಿಯವರೂ ಕರೆಯುತ್ತಿದ್ದರು. ಅವಳಿಂದ ಇಸಿದುಕೊಳ್ಳಲು ಆಗದೇ ಹೋದದ್ದು ಒಂದೇ ಕಾಯಿಲೆ, ಅದು ನಮ್ಮಪ್ಪನ ಕೆಮ್ಮು. ಊರಿನ ಸುಣ್ಣದ ಭಟ್ಟಿಯಲ್ಲಿ ಕಲ್ಲು ಸುಡುತ್ತಿದ್ದ ಅಪ್ಪನ ಎದೆಯಲ್ಲಿ ದೂಳು ಕೂತಿತ್ತು. ಮುರಿದ ಕಾಲು, ಹಸಿವು, ಮುಪ್ಪು, ಭಟ್ಟಿಯ ದೂಳು, ಇವು ಒಬ್ಬರಿಂದ ಒಬ್ಬರಿಗೆ ಬರುವುದಿಲ್ಲ. ಇದು ಎಲ್ಲರಿಗೂ ಗೊತ್ತಿತ್ತು. ಅವ್ವನಿಗೂ ಗೊತ್ತಿತ್ತು. ಆದರೂ ಬೆಳಿಗ್ಗೆ ಸಂಜೆ ಅಪ್ಪನ ಎಂಜಲು ಗಂಜಿ ಕುಡಿದು ಲೋಟ ಬೋರಲು ಹಾಕಿ ಕಾಯುತ್ತಿದ್ದಳು. ಅಪ್ಪ ಕೆಮ್ಮುತ್ತಲೇ ಸತ್ತ. "ನಾನ್ ಅಷ್ಟ್ ಜನ್ರುದ್ದ ಇಸ್ಕೊಂಡೆ, ಅವರ್ದು ನಂಗೆ ಬರ್‍ಲಿಲ್ಲ" ಎಂದು ಅವ್ವ ಬಂದವರಿಗೆಲ್ಲ ಹೇಳಿಕೊಂಡು ಅತ್ತಳು. ಆಗ ನನ್ನ ತಂಗಿ ಬೆಳ್ಳಿ ಇನ್ನೂ ಹೊಸಿಲು ದಾಟುವುದನ್ನು ಕಲಿಯುತ್ತಿದ್ದಳು.

ದುಂಡಮ್ಮ ನಮ್ಮ ಎದುರುಮನೆಯವಳು. ಬೆಳ್ಳಿ ಅವಳನ್ನು ಸುಣ್ಣದವ್ವ ಎಂದು ಕರೆಯುತ್ತಿದ್ದಳು. ಒಂದು ಸಲ ದುಂಡಮ್ಮ ಚಳಿಜ್ವರದಿಂದ ಎದ್ದು ಬಂದಾಗ ಅವ್ವ ಮರುಕದಿಂದ, "ಒಂದ್ ಮಾತ್ ಹೇಳಿದ್ರೆ ನಾನೇ ಇಸ್ಕೊಳ್ತಿದ್ನಲ್ಲ ದುಂಡಕ್ಕ" ಅಂದಳು.

"ಬ್ಯಾಡ ಕಣೆ ತಾಯಿ" ಎಂದು ದುಂಡಮ್ಮ ಬುಟ್ಟಿ ಇಳಿಸಿದಳು. "ನಿಮ್ದೆಲ್ಲ ಬಾಡ್ಗೆ ಜ್ವರ. ಇವತ್ ಈ ಮನೆ, ನಾಳೆ ಆ ಮನೆ. ನನ್ದು ಸ್ವಂತದ್ದು. ಯಾವಾಗ್ ಬತ್ತದೆ ಯಾವಾಗ್ ಹೋಯ್ತದೆ ನಂಗೇ ಗೊತ್ತು."

ಅವ್ವ ನಕ್ಕಳು. ಆದರೆ ಒಳಗೆ ಬಂದು, "ಪಾಪ, ದಿಕ್ಕಿಲ್ದೋರು ಹಂಗೇ ಮಾತಾಡಾದು" ಅಂದಳು.

ನಾನು ತಾಲ್ಲೂಕಿನ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದೆ. ಊರಿಗೆ ಗಂಟಲುಬೇನೆ ಬಂದದ್ದರ ಹಿಂದಿನ ವರ್ಷ, ಬೇಸಿಗೆ ರಜೆಗೆ ಊರಿಗೆ ಬಂದಿದ್ದಾಗ, ಫಿಲೋಮಿನಾ ಎಂಬ ನರ್ಸು ಐಸುಪೆಟ್ಟಿಗೆ ಹಿಡಿದು ಬಂದಿದ್ದಳು. ಸುತ್ತಮುತ್ತ ಎಲ್ಲೋ ಗಂಟಲುಬೇನೆ ಕಾಣಿಸಿಕೊಂಡಿದೆ, ಬರುವ ಮುಂಚೆಯೇ ಮಕ್ಕಳಿಗೂ ದೊಡ್ಡವರಿಗೂ ಸೂಜಿ ಹಾಕಿಸಿಕೊಳ್ಳಿ ಎಂದು ಪಂಚಾಯ್ತಿ ಕಟ್ಟೆಯ ಮೇಲೆ ನಿಂತು ಹೇಳಿದಳು. ಈ ಔಷಧಿಯಲ್ಲಿರುವುದು ಅದೇ ಕಾಯಿಲೆಯ ಚೂರು, ಆದರೆ ಸತ್ತದ್ದು. ಅದನ್ನು ನೋಡಿ ಮೈ ಕಲಿತುಕೊಳ್ಳುತ್ತದೆ, ನಿಜವಾದದ್ದು ಬಂದಾಗ ಎದುರು ನಿಲ್ಲುತ್ತದೆ ಎಂದು ವಿವರಿಸಿದಳು. ಅಲ್ಲಿಯವರೆಗೆ ಜನ ಚೆನ್ನಾಗಿಯೇ ಕೇಳುತ್ತಿದ್ದರು.

ಭಟ್ಟಿ ಮೇಸ್ತ್ರಿ ಕರಿಸಿದ್ದಪ್ಪ ಎದ್ದು ನಿಂತು, "ಇದು ಯಾರ್ ಕಾಯ್ಲೆ ನರ್ಸಮ್ಮ?" ಎಂದು ಕೇಳಿದ.

"ಯಾರದೂ ಅಲ್ಲ ಯಜಮಾನ್ರೇ. ಔಷಧಿ ಇದು."

"ಕಾಯ್ಲೆದೇ ಚೂರು ಅಂದ್ರಲ್ಲ. ಸತ್ತೋಗಿದ್ರೂ ಅದಕ್ಕೊಬ್ಬ ವಾರಸುದಾರ ಇರ್ತಾನಲ್ಲ. ಯಾವೂರೋನೋ, ಯಾವ್ ಕುಲ್ದೋನೋ ಗೊತ್ತಿಲ್ದೆ ನಾವ್ ಹೆಂಗ್ ಇಸ್ಕೊಳ್ಳಾದು?"

"ನಮ್ ಮನೆರ್ದು ಇಸ್ಕೊಳ್ಳಾಕೇ ಪುರ್ಸೊತ್ತಿಲ್ಲ, ಇನ್ನು ಬೀದೀಲಿ ಹೋಗೋರ್ದು ಬೇರೆ" ಎಂದು ಇನ್ನೊಬ್ಬಳು ಸೇರಿಸಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಫಿಲೋಮಿನಾ ನೀರಾಗುತ್ತಿದ್ದ ಐಸನ್ನು ಒಮ್ಮೆ ನೋಡಿ ಪೆಟ್ಟಿಗೆ ಮುಚ್ಚಿಕೊಂಡು ಹೋದಳು.

ಗಂಟಲುಬೇನೆ ಮೊದಲು ಬಂದದ್ದು ಕರಿಸಿದ್ದಪ್ಪನ ಮೊಮ್ಮಗನಿಗೆ. ಆ ಹೊತ್ತಿಗೆ ತಾಲ್ಲೂಕಿನಲ್ಲೂ ಕಾಯಿಲೆ ಹಬ್ಬಿ ಹಾಸ್ಟೆಲು ಮುಚ್ಚಿದ್ದರಿಂದ ನಾನು ಊರಲ್ಲಿದ್ದೆ. ಹುಡುಗನ ಗಂಟಲಲ್ಲಿ ಬಿಳಿ ಪೊರೆ ಕಟ್ಟಿತ್ತು. ಅವನ ತಾಯಿ ಗಂಜಿ ಕಾಯಿಸಿ ಅರ್ಧ ಕುಡಿಸಿ ಅರ್ಧ ಕುಡಿದಳು. ಒಂದೆರಡು ದಿನಕ್ಕೆ ಅವಳು ಮಲಗಿದಳು. ಆದರೆ ಹುಡುಗ ಏಳಲಿಲ್ಲ. ಇದು ಹಿಂದೆಂದೂ ಆಗಿರಲಿಲ್ಲ. ಕಾಯಿಲೆ ತಾಯಿಗೂ ಬಂದಿತ್ತು, ಮಗುವಿನಲ್ಲೂ ಉಳಿದಿತ್ತು.

ಬೇರೆ ಯಾವ ಊರಿನವರಾದರೂ ಅಲ್ಲಿಗೆ ಹೆದರಿ ದೂರ ನಿಲ್ಲುತ್ತಿದ್ದರು. ನಮ್ಮವರು, ಪೂರ್ತಿ ಬಂದಿಲ್ಲ, ಇನ್ನೂ ಒಂದಿಷ್ಟು ಉಳಿದಿದೆ ಅಂದುಕೊಂಡರು. "ಮನಸಿಟ್ಟು ಇಸ್ಕೊಂಡಿಲ್ಲ ಅವ್ಳು. ಗಂಡ ಬದ್ಕಿದ್ದಾಗ ಅವಂದು ಇಸ್ಕೊಳ್ಳುವಾಗ್ಲೂ ಹಂಗೇ, ಮೂಗ್ ಮುಚ್ಕೊಂಡ್ ಗುಟುಕರಿಸ್ತಿದ್ಲು" ಎಂದು ಅತ್ತೆ ಹೀಯಾಳಿಸಿ, ಉಳಿದದ್ದನ್ನು ತಾನು ಇಸಿದುಕೊಂಡಳು. ಅವಳೂ ಮಲಗಿದಳು. ಅವಳದ್ದನ್ನು ಇಸಿದುಕೊಳ್ಳಲು ಮೇಲಿನ ಕೇರಿಯಿಂದ ಅವಳ ತಂಗಿ ಬಂದಳು. ಹುಡುಗ ಸತ್ತ. ಕೊನೆಗೆ ಕರಿಸಿದ್ದಪ್ಪನೇ ಕುಳಿತು ಸೊಸೆಯ ಲೋಟ ಎತ್ತಿದ. ಗಂಡಸು ಇಸಿದುಕೊಂಡದ್ದನ್ನು ನಾನು ನೋಡಿದ ಎರಡನೇ ಸಲ ಅದು. ಆ ಮನೆಯಿಂದ ಕೊನೆಯ ಹೆಣ ಎತ್ತುವಾಗ ನಾನು ಬಾಗಿಲಲ್ಲಿದ್ದೆ. ನಡುಮನೆಯ ನೆಲದ ಮೇಲೆ ನಾಲ್ಕು ಲೋಟ ಬೋರಲು ಬಿದ್ದಿದ್ದವು. ಅವನ್ನು ಎತ್ತಿಡಲು ಮನೆಯಲ್ಲಿ ಯಾರೂ ಉಳಿದಿರಲಿಲ್ಲ.

ಆಮೇಲೆ ಅದು ಮನೆಯಿಂದ ಮನೆಗೆ ನಡೆಯಿತು. ಪ್ರೀತಿ ಇದ್ದ ಕಡೆಗೆಲ್ಲ ಹೋಯಿತು. ಅಜ್ಜಿಯರು ಮೊಮ್ಮಕ್ಕಳದ್ದನ್ನು ಕುಡಿದರು, ಗಂಡನ ಮನೆಯಿಂದ ಓಡಿಬಂದ ಹೆಣ್ಣುಮಕ್ಕಳು ತಾಯಂದಿರದ್ದನ್ನು ಕುಡಿದು ವಾಪಸು ಹೋಗಿ ಅಲ್ಲಿ ಮಲಗಿದರು. ಜಗಳವಾಡಿ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರ ಮನೆಗಳು ಮಾತ್ರ ಸ್ವಲ್ಪ ದಿನ ಉಳಿದವು. ಸಾವಿನ ಭಯಕ್ಕೆ ರಾಜಿಯಾದ ಮೇಲೆ ಅಲ್ಲಿಗೂ ಬಂತು. ಪ್ರತಿ ಮನೆಯಲ್ಲೂ ಸ್ವಂತದವರೇ ಮುಂದೆ ಬೀಳುತ್ತಿದ್ದುದರಿಂದ ಅವ್ವನಿಗೆ ಕರೆ ಬರಲಿಲ್ಲ.

ದುಂಡಮ್ಮನಿಗೂ ಬಂತು. ಸುಣ್ಣ ಮಾರಲು ಹೋದ ಮನೆಯಲ್ಲಿ ನೀರು ಕುಡಿದಿದ್ದಳಂತೆ. ಯಾವಾಗಿನಂತೆ ಬಾಗಿಲು ಹಾಕಿಕೊಂಡು ಮಲಗಿದಳು. ನಾವು ಬಾಗಿಲಾಚೆ ಗಂಜಿಯ ಪಾತ್ರೆ ಇಟ್ಟು ಬರುತ್ತಿದ್ದೆವು. ಅವಳು ಎಳೆದುಕೊಂಡು ತನ್ನ ಲೋಟಕ್ಕೆ ಬಗ್ಗಿಸಿಕೊಳ್ಳುತ್ತಿದ್ದಳು. ಸಾಯುತ್ತಾಳೆ ಅಂದುಕೊಂಡಿದ್ದೆವು. ಸಾಯಲಿಲ್ಲ. ಒಂದು ಬೆಳಿಗ್ಗೆ ಗೋಡೆ ಹಿಡಿದುಕೊಂಡು ಹೊರಗೆ ಬಂದು ಜಗುಲಿಯ ಮೇಲೆ ಬಿಸಿಲು ಕಾಯಿಸುತ್ತ ಕುಳಿತಳು.

ಆ ಹೊತ್ತಿಗೆ ಫಿಲೋಮಿನಾ ಮತ್ತೆ ಬಂದಿದ್ದಳು. ಮನೆ ಮನೆ ತಿರುಗಿ ಯಾರಿಂದ ಯಾರಿಗೆ ಬಂತು ಎಂದು ಕೇಳುತ್ತಿದ್ದಳು. ನಮ್ಮ ಕೇರಿ ಮುಗಿಸಿ ಬಂದವಳು ದುಂಡಮ್ಮನ ಜಗುಲಿಯ ಮುಂದೆ ನಿಂತು, "ಇಡೀ ಕೇರೀಲಿ ಈ ಕಾಯಿಲೆ ಬಂದು ಮುಂದಕ್ಕೆ ಹೋಗದೆ ನಿಂತಿರೋದು ಇದೊಂದೇ ಮನೇಲಿ" ಅಂದಳು.

"ಮುಂದಕ್ಕೆ ಯಾರ್ತಾವ್ ಹೋಗದು? ನಂಗ್ಯಾರವ್ರೆ?" ಅಂದಳು ದುಂಡಮ್ಮ.

ಫಿಲೋಮಿನಾ ಹೇಳಿದ್ದು ಹೆಚ್ಚೇನಿಲ್ಲ. ಕಾಯಿಲೆ ಬಂದವರು ಬೇರೆ ಕೋಣೆಯಲ್ಲಿರಲಿ. ಅವರ ಲೋಟ, ತಟ್ಟೆ, ಬಟ್ಟೆ ಕುದಿಯುವ ನೀರಿಗೆ ಬೀಳಲಿ. ಅವರು ಕೆಮ್ಮಿದ ಗಾಳಿಗೆ ಮುಖ ಕೊಡಬೇಡಿ. ಒಂದು ಸಲ ಬಂದು ಹೋದವರಿಗೆ ಮತ್ತೆ ಬರುವುದು ಕಡಿಮೆ, ಆರೈಕೆಗೆ ಅಂಥವರೇ ಇರಲಿ. ಎಂಜಲು ಮಾತ್ರ ಬೇಡ. "ಇದು ಕೊಟ್ಟರೆ ಹೋಗೋ ಕಾಯಿಲೆ ಅಲ್ಲ. ಕೊಟ್ಟರೆ ಎರಡಾಗುತ್ತೆ, ನಾಲ್ಕಾಗುತ್ತೆ" ಅಂದಳು. ಸೂಜಿಯ ಔಷಧಿ ಇನ್ನೂ ಬಂದಿರಲಿಲ್ಲ. ಜಿಲ್ಲಾಸ್ಪತ್ರೆಯ ಒಂದೇ ಜೀಪು ತೀರಾ ಕಷ್ಟದಲ್ಲಿರುವವರನ್ನು ಹೊತ್ತು ಓಡಾಡುತ್ತಿತ್ತು.

ನಾನು ಆ ಮಾತನ್ನು ನಂಬಿದೆ. ಕರಿಸಿದ್ದಪ್ಪನ ನಡುಮನೆ ನೋಡಿದವರು ನಂಬದೇ ಇರಲು ಕಾರಣವಿರಲಿಲ್ಲ. ಅವ್ವ ನಂಬಲಿಲ್ಲ. "ಅವ್ರಿಗೆಲ್ಲ ಇಸ್ಕೊಳ್ಳಾಕ್ ಬರಕ್ಕಿಲ್ಲ ಕಣೆ ಕೆಂಪಿ" ಅಂದಳು ನನಗೆ. "ಅರ್ಧಂಬರ್ಧ ಎಳ್ಕೊಂಡ್ರೆ ಇನ್ನೇನಾದದು?"

ಅದಾದ ಮೇಲೆ ಒಂದು ಸಂಜೆ ಬೆಳ್ಳಿ ಎದೆ ಮುಂದೆ ಮಾಡಿಕೊಂಡು ಒಳಗೆ ಬಂದಳು.

"ಅವ್ವಾ, ನಾನ್ ಇಸ್ಕೊಂಡೆ!"

"ಏನ್ ಇಸ್ಕೊಂಡ್ಯೇ?"

"ಮೂಲೆಮನೆ ರತ್ನಿದು. ಅವಳ್ಗೆ ಗಂಟ್ಲು ನೋಯ್ತಿತ್ತು. ಅವಳವ್ವ ಮಲ್ಗವ್ಳೆ, ಇಸ್ಕೊಳ್ಳಾಕ್ ಯಾರೂ ಇರ್ನಿಲ್ಲ, ಅಳ್ತಿದ್ಲು. ನೀರಲ್ಲೂ ಆಯ್ತದಲ್ವಾ ಅವ್ವ? ಅರ್ಧ ಅವ್ಳು ಕುಡುದ್ಲು, ಅರ್ಧ ನಾನ್ ಕುಡುದೆ. ಲೋಟನೂ ಬೋರ್ಲಾಕ್ದೆ. ಬಳೆ ಕೊಡ್ಸು."

ಅವ್ವ ಅವಳ ಕೆನ್ನೆ ಸವರಿ ನೆಟಿಗೆ ಮುರಿದಳು. ಅಭ್ಯಾಸದ ಕೈ ಮೊದಲು ಅದನ್ನೇ ಮಾಡಿತು. ಆಮೇಲೆ ನನ್ನ ಮುಖ ನೋಡಿ ಕೈ ಕೆಳಗಿಳಿಸಿದಳು. ಬೆಳ್ಳಿ ಇಬ್ಬರನ್ನೂ ನೋಡಿದಳು. "ಯಾಕೆ, ನಾನ್ ಸರ್‍ಯಾಗ್ ಇಸ್ಕೊಂಡಿಲ್ವಾ?" ಎಂದು ಕೇಳಿದಳು.

ಆ ವಾರದಲ್ಲೇ ಒಂದು ಬೆಳಿಗ್ಗೆ ಅವಳಿಗೆ ಉಗುಳು ನುಂಗಲಾಗಲಿಲ್ಲ. ನಾನು ಎದ್ದು ಬರುವಷ್ಟರಲ್ಲಿ ಅವ್ವ ಗಂಜಿ ಇಳಿಸಿ ಲೋಟಕ್ಕೆ ಹಾಕಿ ಆರಿಸುತ್ತಿದ್ದಳು. ನಾನು ಲೋಟ ಕಿತ್ತುಕೊಂಡು ಒಲೆಯ ಬೂದಿಗೆ ಸುರಿದೆ. ಅವ್ವ ನನ್ನ ಕೆನ್ನೆಗೆ ಹೊಡೆದಳು. ಮತ್ತೆ ಗಂಜಿ ಹಾಕಿದಳು. ಮತ್ತೆ ಸುರಿದೆ. ಮತ್ತೆ ಹೊಡೆದಳು. ಬೆಳ್ಳಿ ಚಾಪೆಯ ಮೇಲಿಂದ ನೋಡುತ್ತಿದ್ದಳು. ಗದ್ದಲ ಕೇಳಿ ದುಂಡಮ್ಮ ಬಂದಳು. ಮಗುವಿನ ಬಾಯಿ ತೆರೆಸಿ ಬೆಳಕಿಗೆ ಹಿಡಿದು ನೋಡಿದಳು.

"ಪೊರೆ ಕಟ್ಟದೆ. ಚಿಕ್ಕತಾಯಿ, ಆಚೆಗ್ ಹೋಗು. ನಂಗ್ ಬಂದ್ ಹೋಗದೆ. ನಾನಿರ್ತೀನಿ ಇವ್ಳ ಜೊತೆ."

"ನನ್ ಮಗೀನ ನೋಡ್ಕೊಳ್ಳಾಕೆ ನೀನ್ಯಾರೆ?" ಎಂದು ಅವ್ವ ಕಿರುಚಿದಳು. "ಒಂದ್ ಹೆತ್ತು ಗೊತ್ತಾ ನಿಂಗೆ? ಒಬ್ರುದ್ದಾದ್ರೂ ಇಸ್ಕೊಂಡಿದ್ದೀಯಾ?"

"ಇಲ್ಲ" ಅಂದಳು ದುಂಡಮ್ಮ. ಬೆಳ್ಳಿಯನ್ನು ಚಾಪೆ ಸಮೇತ ಎತ್ತಿಕೊಂಡು ಒಳಕೋಣೆಗೆ ಹೋಗಿ ಅಗುಳಿ ಹಾಕಿಕೊಂಡಳು. ನಾನು ಹೊರಗಿನಿಂದ ಚಿಲಕ ಹಾಕಿ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತೆ. ಗಾರೆ ಕಲಸುವ ಕೈ ಅವ್ವನದು, ನನಗಿಂತ ಬಲವಿತ್ತು. ಆದರೆ ಮಗಳನ್ನು ಬಾಗಿಲಿನಿಂದ ಎಳೆಯಲು ಎಷ್ಟು ಬಲ ಬೇಕೋ ಅಷ್ಟನ್ನು ಅವಳು ಉಪಯೋಗಿಸಲಿಲ್ಲ. ನನ್ನ ಕೂದಲು ಹಿಡಿದಳು, ಬೈದಳು, ಕೊನೆಗೆ ನನ್ನ ಕಾಲು ಹಿಡಿದುಕೊಂಡಳು.

"ಅವ್ರುದ್ದು ನಂಗೆ ಬರ್‍ಲಿಲ್ಲ ಕಣೆ. ದೂಳದು, ಬರ್‍ಲಿಲ್ಲ. ಇವಳ್ದು ಬತ್ತದೆ. ಬರಾದನ್ನ ಬಿಡು ಅಂದ್ರೆ ಹೆಂಗ್ ಬಿಡ್ಲಿ?"

"ನಿಂಗ್ ಬತ್ತದೆ. ಆದ್ರೆ ಅವಳ್ನ ಬಿಟ್ಟೋಗಲ್ಲ ಅವ್ವ."

"ಹೋಗ್ದೆ ಇದ್ರೆ ಇಬ್ರಿಗೂ ಇರ್ಲಿ."

ನಾನು ಬಾಗಿಲು ಬಿಟ್ಟು ಏಳಲಿಲ್ಲ.

ಬೆಳ್ಳಿಯ ದನಿ ದಿನೇ ದಿನೇ ಒಡೆಯುತ್ತ ಹೋಯಿತು. ಬಾಗಿಲಿನ ಸಂದಿನಿಂದ ನಮಗೆ ಎಲ್ಲವೂ ಕೇಳುತ್ತಿತ್ತು. ಒಳಕೋಣೆಯ ಬಚ್ಚಲ ಒಲೆಯ ಮೇಲೆ ಕಾಯಿಸಿದ ಗಂಜಿ ಕುಡಿಸುವಾಗ ದುಂಡಮ್ಮ "ಪೂರ್ತಿ ಕುಡಿ ಕಂದ" ಅನ್ನುತ್ತಿದ್ದಳು. ಬೆಳ್ಳಿ ಅರ್ಧಕ್ಕೇ ನಿಲ್ಲಿಸುತ್ತಿದ್ದಳು.

"ಅವ್ವಾ, ಸುಣ್ಣದವ್ವ ಪೂರ್ತಿ ಕುಡಿ ಅಂತಾಳೆ. ಪೂರ್ತಿ ಕುಡುದ್ರೆ ನಿಂಗ್ ಉಳಿಯಲ್ಲ. ಅರ್ಧ ಮಡಗಿವ್ನಿ. ಬಾ."

ಅವ್ವ ಬಾಗಿಲ ಈಚೆಗೆ ಸೆರಗನ್ನು ಬಾಯಿಗೆ ತುರುಕಿಕೊಂಡು ಕುಳಿತಿರುತ್ತಿದ್ದಳು. ಒಳಗೆ ದುಂಡಮ್ಮ ಉಳಿದ ಗಂಜಿಯನ್ನು ಬಚ್ಚಲ ತೂತಿಗೆ ಸುರಿದು, ಲೋಟವನ್ನು ಕುದಿನೀರಿಗೆ ಹಾಕುವ ಸದ್ದು ಕೇಳುತ್ತಿತ್ತು. ಮುಂದಿನ ಹೊತ್ತಿಗೆ ಬೆಳ್ಳಿ ಮತ್ತೆ ಅರ್ಧ ಉಳಿಸುತ್ತಿದ್ದಳು. ಗಂಟಲು ತೀರಾ ಕಟ್ಟಿಕೊಂಡು ಎರಡು ಗುಟುಕು ಇಳಿಯುವುದೇ ಕಷ್ಟವಾದಾಗಲೂ ಉಳಿದದ್ದನ್ನು ನೋಡಿ, ಇವತ್ತು ಅವ್ವನಿಗೆ ಜಾಸ್ತಿ ಇದೆ ಅಂದಳಂತೆ. ದುಂಡಮ್ಮ ಆಮೇಲೆ ಹೇಳಿದಳು.

ಬಳೆಯನ್ನು ಮತ್ತೆ ಕೇಳಿದಳು. ಅಂಗಡಿಗಳು ಮುಚ್ಚಿದ್ದವು. ನನ್ನ ತಗಡಿನ ಪೆಟ್ಟಿಗೆಯಿಂದ ಹಳೆಯ ಹಸಿರು ಬಳೆಗಳನ್ನು ತೆಗೆದು ಬಾಗಿಲ ಕೆಳಗಿನ ಸಂದಿನಲ್ಲಿ ಒಂದೊಂದಾಗಿ ಒಳಗೆ ತಳ್ಳಿದೆ. ದುಂಡಮ್ಮ ತೊಡಿಸಿದಳು. ಅಳತೆ ಸರಿಯಾಗಿತ್ತು. ಅವ್ವನಿಗೆ ಕೇಳಲಿ ಎಂದು ಬೆಳ್ಳಿ ಕೈ ಅಲ್ಲಾಡಿಸಿ ಸದ್ದು ಮಾಡಿದಳು.

ಜೀಪು ನಮ್ಮ ಕೇರಿಗೆ ಬಂದದ್ದು ಮರುದಿನ ಮಧ್ಯಾಹ್ನ. ಫಿಲೋಮಿನಾ ಇಳಿದು ಓಡಿಬಂದಳು. ಆಗ ಬಳೆಗಳ ಸದ್ದು ನಿಂತು ಸ್ವಲ್ಪ ಹೊತ್ತಾಗಿತ್ತು. ನಾನು ಚಿಲಕ ತೆಗೆದೆ. ಅಗುಳಿ ತೆಗೆದ ದುಂಡಮ್ಮ ಹೊಸಿಲಿನಲ್ಲಿ ನಿಂತು ತನ್ನ ಎರಡೂ ಕೈಗಳನ್ನು ನೋಡಿಕೊಂಡಳು. ಅವ್ವ ನುಗ್ಗಿದಳು. ನಾನು ಮತ್ತು ಫಿಲೋಮಿನಾ ಇಬ್ಬರೂ ಹಿಡಿದುಕೊಂಡೆವು. ಮುಖಕ್ಕೆ ಮುಖ ಕೊಡಬೇಡಿ, ಕಾಲು ಮಾತ್ರ ಮುಟ್ಟಿ ಎಂದು ಫಿಲೋಮಿನಾ ಹೇಳಿದಳು. ಅವ್ವ ಮಗಳ ಪಾದಗಳನ್ನು ಹಿಡಿದು ಕುಳಿತಳು. ಮೂಲೆಯಲ್ಲಿ ಲೋಟವಿತ್ತು, ಅರ್ಧಕ್ಕಿಂತ ಹೆಚ್ಚೇ ತುಂಬಿತ್ತು. ಅವ್ವನ ಕಣ್ಣು ಅದರ ಮೇಲೆ ನಿಂತದ್ದನ್ನು ಕಂಡು ದುಂಡಮ್ಮ ಲೋಟ ಎತ್ತಿಕೊಂಡು ಹಿತ್ತಲಿಗೆ ಹೋದಳು.

ಆಮೇಲಿನ ವಾರ ಸೂಜಿಯ ಔಷಧಿ ಬಂತು. ಈಗಾಗಲೇ ಮಲಗಿರುವವರಿಗೆ ಇದು ಮದ್ದಲ್ಲ, ಇನ್ನೂ ಬರದವರಿಗೆ ಎಂದು ಫಿಲೋಮಿನಾ ಹೇಳಿದಳು. ಬರದವರೆಲ್ಲ ಪಂಚಾಯ್ತಿ ಕಟ್ಟೆಯ ಮುಂದೆ ಸಾಲು ನಿಂತು ತೋಳು ಚಾಚಿದರು. ದುಂಡಮ್ಮ ಪಕ್ಕದಲ್ಲಿ ಕುಳಿತು, "ಈಗ್ ಕೇಳ್ರಲಾ ಇದ್ ಯಾರ್ದು ಅಂತ" ಅಂದಳು. ಯಾರೂ ಕೇಳಲಿಲ್ಲ. ನಗಲೂ ಇಲ್ಲ. ಅವ್ವ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದಳು. ಸೂಜಿ ಚುಚ್ಚಿದಾಗ ಅವಳು ತೋಳನ್ನಾಗಲಿ ಫಿಲೋಮಿನಾಳ ಮುಖವನ್ನಾಗಲಿ ನೋಡಲಿಲ್ಲ. ದಾರಿಯಲ್ಲಿ ಮನೆಗೆ ಬರುವಾಗ ಒಂದು ಮಾತು ಹೇಳಿದಳು.

"ಅವ್ಳು ಅರ್ಧ ಉಳ್ಸಿದ್ಲು ಕಣೆ ಕೆಂಪಿ."

ಆ ವಿಷಯದಲ್ಲಿ ಅವ್ವ ನನಗೆ ಹೇಳಿದ ಕೊನೆಯ ಮಾತು ಅದು. ನಾನು ಮಾಡಿದ್ದು ಸರಿ. ಈಗಲೂ ಹಾಗೆಯೇ ಹೇಳುತ್ತೇನೆ. ಬಾಗಿಲು ಬಿಟ್ಟಿದ್ದರೆ ಅವ್ವ ಸಾಯುತ್ತಿದ್ದಳು, ಬೆಳ್ಳಿ ಹೇಗೂ ಉಳಿಯುತ್ತಿರಲಿಲ್ಲ. ಸರಿಯಾದದ್ದನ್ನು ಮಾಡಿದವರಿಗೆ ನೆಮ್ಮದಿ ಸಿಗುತ್ತದೆ ಎಂದು ಹಾಸ್ಟೆಲಿನ ಲೈಬ್ರರಿಯ ಪುಸ್ತಕಗಳಲ್ಲಿ ಓದಿದ್ದೆ. ಅವನ್ನು ಬರೆದವರು ಯಾವ ಬಾಗಿಲಿಗೂ ಬೆನ್ನು ಕೊಟ್ಟು ಕುಳಿತವರಲ್ಲ.

ಗಂಟಲುಬೇನೆ ನಿಂತ ಮೇಲೆಯೂ ಸಾಮಾನ್ಯ ಜ್ವರ, ನೆಗಡಿಗಳನ್ನು ಮೊದಲಿನಂತೆ ಕೊಡಬಹುದಿತ್ತು, ಇಸಿದುಕೊಳ್ಳಬಹುದಿತ್ತು. ಅದಕ್ಕೇನೂ ಆಗಿರಲಿಲ್ಲ. ಆದರೆ ಯಾರೂ ಯಾರಿಗೂ ಲೋಟ ಚಾಚಲಿಲ್ಲ. ಪ್ರತಿ ಮನೆಯಲ್ಲೂ ಒಬ್ಬೊಬ್ಬರಿಗೆ ಒಂದೊಂದು ಲೋಟವಾಯಿತು, ತಳಕ್ಕೆ ಹೆಸರು ಕೆತ್ತಿಸಿಕೊಂಡರು. ಹೆಣ್ಣು ನೋಡಲು ಬಂದವರು ಆ ಪ್ರಶ್ನೆ ಕೇಳುವುದನ್ನು ಬಿಟ್ಟರು. ಊರೆಲ್ಲ ದುಂಡಮ್ಮನಂತೆ ತನ್ನ ಜ್ವರವನ್ನು ತಾನೇ ಉಣ್ಣಲು ಕಲಿಯಿತು. ಅದು ಒಳ್ಳೆಯದೇ.

ಹೋದ ಮಳೆಗಾಲದಲ್ಲಿ ನನಗೆ ಜ್ವರ ಬಂತು. ಬರೀ ನೆನೆದು ಬಂದ ಜ್ವರ, ಗಂಟಲು ಸರಿಯಿತ್ತು. ಅವ್ವ ಗಂಜಿ ಕಾಯಿಸಿ, ನನ್ನ ಹೆಸರಿದ್ದ ಲೋಟದಲ್ಲಿ ತಂದು ಚಾಪೆಯ ಪಕ್ಕ ಇಟ್ಟು, ಮಾರು ದೂರದಲ್ಲಿ ಗೋಡೆಗೆ ಒರಗಿ ಕುಳಿತಳು. ಅರ್ಧ ಕುಡಿದು ಸುಸ್ತಾಗಿ ಲೋಟವನ್ನು ಕೆಳಗಿಟ್ಟೆ. ಅವ್ವ ಲೋಟವನ್ನು ನೋಡಿದಳು. ನಾನೂ ನೋಡಿದೆ. ಹೊರಗೆ ದುಂಡಮ್ಮ ಸುಣ್ಣ ಬೇಕಾ ಎಂದು ಕೂಗುತ್ತ ಹೋದಳು.

"ಪೂರ್ತಿ ಕುಡಿ" ಅಂದಳು ಅವ್ವ.

ಕುಡಿದೆ. ಅವಳು ಬಟ್ಟೆಯಲ್ಲಿ ಲೋಟ ಹಿಡಿದು ಒಯ್ದು ಕುದಿನೀರಿಗೆ ಹಾಕಿದಳು.

ಆ ಒಂದು ವರ್ಷ ಗಂಟಲುಬೇನೆಯಿಂದ ನಮ್ಮೂರಲ್ಲಿ ಸತ್ತವರು ನೂರಾ ಹನ್ನೆರಡು ಜನ. ನಮ್ಮ ಕೇರಿಯವರು ಮೂವತ್ತೊಂದು. ನಮ್ಮ ಮನೆಯವಳು ಒಬ್ಬಳು.